ಲೋಕ ಸುತ್ತಿ ಬರುವಷ್ಟರಲ್ಲಿ ಹಳೆಯದಾದ ಸೈಕಲ್: ಎತ್ತರದ ಗಾಲಿಯ ಒಂದು ಪ್ರಕರಣ

1884ರ ಏಪ್ರಿಲ್ 22, ಬೆಳಿಗ್ಗೆ ಎಂಟು ಗಂಟೆ. ಥಾಮಸ್ ಸ್ಟೀವನ್ಸ್ ಎಂಬ 29 ವರ್ಷದ ಯುವಕ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಪೂರ್ವಕ್ಕೆ ಹೊರಟ. ಹುಟ್ಟಿದ್ದು ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್‌ನಲ್ಲಿ, ಹೊಟ್ಟೆಪಾಡಿಗೆ ಬಂದದ್ದು ಅಮೆರಿಕಕ್ಕೆ. ಗಂಟಿನಲ್ಲಿ ಕಾಲುಚೀಲ, ಇನ್ನೊಂದು ಅಂಗಿ, ಒಂದು ಸಣ್ಣ ರಿವಾಲ್ವರ್, ಒಂದು ಮಳೆಕೋಟು. ರಾತ್ರಿಯಾದರೆ ಆ ಕೋಟೇ ಟೆಂಟು, ಅದೇ ಹಾಸಿಗೆ. ಸೈಕಲ್ ಹೊಡೆಯಲು ಕಲಿತದ್ದೂ ಹೊರಡುವ ಸ್ವಲ್ಪ ಮೊದಲು, ಅದೇ ಊರಿನ ಗೋಲ್ಡನ್ ಗೇಟ್ ಪಾರ್ಕಿನಲ್ಲಿ.

ಸೈಕಲ್ಲು ಕೊಲಂಬಿಯಾ ಸ್ಟ್ಯಾಂಡರ್ಡ್. ಕಪ್ಪು ಬಣ್ಣದ ಫ್ರೇಮು, ನಿಕ್ಕಲ್ ಲೇಪದ ಗಾಲಿ. ಮುಂದಿನ ಗಾಲಿ 50 ಇಂಚು, ಅಂದರೆ ಪಕ್ಕದಲ್ಲಿ ನಿಂತರೆ ನಮ್ಮ ಎದೆಮಟ್ಟಕ್ಕೆ ಬರುವಷ್ಟು. ಹಿಂದೆ ಬಾಲದ ತುದಿಗೆ ಅಂಟಿಸಿದಂತೆ ಒಂದು ಪುಟ್ಟ ಗಾಲಿ. 1886ರ ಡಿಸೆಂಬರ್ 17ರಂದು ಜಪಾನಿನ ಯೊಕೊಹಾಮಾದಲ್ಲಿ ಅವನ ಪ್ರಯಾಣ ಮುಗಿಯಿತು. ಅಷ್ಟರಲ್ಲಿ ಸೈಕಲ್ಲಿನ ಮೇಲೆ ಸುಮಾರು 13,500 ಮೈಲಿ ಆಗಿತ್ತು. ಸೈಕಲ್ಲಿನಲ್ಲಿ ಲೋಕ ಸುತ್ತಿದ ಮೊದಲಿಗ ಅವನೇ.

ಸಾಹಸದ ಕಥೆಯಾಗಿ ಇದನ್ನು ಬೇಕಾದಷ್ಟು ಜನ ಹೇಳಿದ್ದಾರೆ. ನನ್ನ ಕುತೂಹಲ ಇರುವುದು ಆ ಸೈಕಲ್ಲಿನ ಮೇಲೆ. ಹೊರಟಾಗ ಅದು ಆ ಕಾಲದ ನಂಬಿಕಸ್ಥ ಸೈಕಲ್. ವಾಪಸ್ ಬಂದಾಗ ಅದರ ಜಾತಿಗೇ ದಿನ ಎಣಿಕೆ ಶುರುವಾಗಿತ್ತು. ಈ ಮೂರು ವರ್ಷದೊಳಗೆ ಆದದ್ದೇನು?

ಮೊದಲು ಹೆಸರಿನ ವಿಷಯ. ಇವತ್ತು ಇದನ್ನು ಪೆನ್ನಿ-ಫಾರ್ದಿಂಗ್ ಅನ್ನುತ್ತಾರೆ. ಪೆನ್ನಿ ಅಂದರೆ ಆಗಿನ ಬ್ರಿಟನ್ನಿನ ದೊಡ್ಡ ಕಂಚಿನ ನಾಣ್ಯ, ಫಾರ್ದಿಂಗ್ ಅದರ ಕಾಲು ಬೆಲೆಯ ಚಿಕ್ಕದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಈ ಸೈಕಲ್ಲಿನ ಚಿತ್ರ ಬರುತ್ತದೆ. ಆದರೆ ಈ ಹೆಸರು ಬಂದದ್ದು ಸೈಕಲ್ಲು ಹಳತಾಗಿ ನಗೆಪಾಟಲಾದ ಮೇಲೆ. ಅದರ ಒಳ್ಳೆಯ ಕಾಲದಲ್ಲಿ ಜನ ಅದನ್ನು ಸುಮ್ನೆ ಬೈಸಿಕಲ್ ಅಂತಲೇ ಕರೆಯುತ್ತಿದ್ದರು. ಆಮೇಲೆ ಹೊಸ ಜಾತಿ ಬಂದಾಗ ಇದು 'ಆರ್ಡಿನರಿ' ಆಯಿತು. ನಾವೂ ಅಷ್ಟೇ ಅಲ್ವಾ? ಮೊಬೈಲ್ ಬರುವ ತನಕ ಯಾರೂ 'ಲ್ಯಾಂಡ್‌ಲೈನ್' ಅನ್ನುತ್ತಿರಲಿಲ್ಲ, ಫೋನು ಅನ್ನುತ್ತಿದ್ದೆವು.

ಗಾಲಿ ಯಾಕೆ ಅಷ್ಟು ದೊಡ್ಡದು?

ಫೋಟೋ ನೋಡಿದವರೆಲ್ಲ ಕೇಳುವುದು ಇದನ್ನೇ. ಷೋಕಿಗೆ ಅಂತ ಹಲವರು ಅಂದುಕೊಂಡಿದ್ದಾರೆ. ಷೋಕಿ ಇರಲಿಲ್ಲ ಅಂತಲ್ಲ, ಆದರೆ ಕಾರಣ ಲೆಕ್ಕದ್ದು.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮಿಶೋ ಮನೆತನದವರು ಮಾಡಿ ಮಾರುತ್ತಿದ್ದ ವೆಲಾಸಿಪೀಡ್ ಎಂಬ ಮೊದಮೊದಲ ಸೈಕಲ್ಲಿನಲ್ಲಿ ಪೆಡಲ್ಲು ನೇರವಾಗಿ ಮುಂದಿನ ಗಾಲಿಯ ನಡುವಿಗೇ ಕೂತಿತ್ತು. ಮಕ್ಕಳ ಮೂರು ಗಾಲಿ ಸೈಕಲ್ಲಿನಲ್ಲಿ ಇವತ್ತಿಗೂ ಹಾಗೇ ಇರುತ್ತದೆ. ಚೈನಿಲ್ಲ, ಹಲ್ಲಿನ ಚಕ್ರ ಇಲ್ಲ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. 36 ಇಂಚಿನ ಗಾಲಿಯಾದರೆ ಒಂದು ತುಳಿತದ ಸುತ್ತಿಗೆ ಸುಮಾರು 2.9 ಮೀಟರ್ ಮುಂದೆ ಹೋಗುತ್ತೀರಿ. ಜೋರಾಗಿ ಹೋಗಬೇಕೆಂದರೆ ಕಾಲು ಗಿರಗಿರನೆ ತಿರುಗಿಸಬೇಕು. ಮೂರು ಗಾಲಿ ಸೈಕಲ್ಲಿನ ಮಗುವಿನ ಪಾಡೇ ದೊಡ್ಡವರದ್ದೂ. ಗಾಲಿಯನ್ನು 50 ಇಂಚು ಮಾಡಿ ನೋಡಿ, ಅದೇ ಒಂದು ಸುತ್ತಿಗೆ ಹೆಚ್ಚುಕಡಿಮೆ ನಾಲ್ಕು ಮೀಟರ್. ಕಾಲಿನ ವೇಗ ಅಷ್ಟೇ, ದಾರಿ ಜಾಸ್ತಿ.

ಇದಕ್ಕೆ ಮಿತಿ ಹಾಕಿದ್ದು ಮನುಷ್ಯನ ಕಾಲು. ಪೆಡಲ್ ಕೆಳಗೆ ಹೋದಾಗ ಕಾಲು ಮುಟ್ಟಬೇಕಲ್ಲ? ಹಾಗಾಗಿ ಈ ಸೈಕಲ್ಲನ್ನು ಪ್ಯಾಂಟಿನ ಹಾಗೆ ಕಾಲಳತೆ ನೋಡಿ ಕೊಳ್ಳಬೇಕಿತ್ತು. ಕುಳ್ಳಗಿದ್ದವನಿಗೆ 48, ಉದ್ದ ಕಾಲಿನ ರೇಸುಗಾರನಿಗೆ 60 ಇಂಚಿನ ತನಕ. ರೇಸಿನಲ್ಲಿ ಗೆಲ್ಲುವವನು ಯಾರು ಅನ್ನುವುದರಲ್ಲಿ ಅಪ್ಪ ಅಮ್ಮನ ಎತ್ತರದ ಪಾಲೂ ಇತ್ತು!

ಈ ಲೆಕ್ಕ ಇನ್ನೂ ಸತ್ತಿಲ್ಲ. ಸೈಕಲ್ ಹುಚ್ಚಿನವರು ಇವತ್ತಿಗೂ ಗೇರನ್ನು 'ಇಂಚಿ'ನಲ್ಲಿ ಹೇಳುತ್ತಾರೆ. ಅದು ಇದೇ ದೊಡ್ಡ ಗಾಲಿಯ ಇಂಚು. ನಾನು ಒಳಪೆಡಲ್ ಹೊಡೆದು ಕಲಿತ ಮನೆಯ ಕಪ್ಪು ಸೈಕಲ್ಲಿಗೆ 28 ಇಂಚಿನ ಗಾಲಿ. ಅಂಥ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಅಂದುಕೊಳ್ಳಿ. 28ನ್ನು 44ರಿಂದ ಗುಣಿಸಿ 18ರಿಂದ ಭಾಗಿಸಿದರೆ 68 ಚಿಲ್ಲರೆ. ಅಂದರೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಸೈಕಲ್ಲು 68 ಇಂಚಿನ ದೊಡ್ಡ ಗಾಲಿಗೆ ಸಮ. ಅಷ್ಟು ದೊಡ್ಡದನ್ನು ತುಳಿಯುವ ಕಾಲು ಸ್ಟೀವನ್ಸ್‌ಗೆ ಇರಲಿಲ್ಲ.

ದೊಡ್ಡ ಗಾಲಿಗೆ ಇನ್ನೊಂದು ಗುಣ. ಆಗಿನ ಟೈರು ಗಟ್ಟಿ ರಬ್ಬರು, ಒಳಗೆ ಗಾಳಿ ಇಲ್ಲ. ರಸ್ತೆಯೋ ಕಲ್ಲು, ಗುಂಡಿ. ಚಿಕ್ಕ ಗಾಲಿ ಗುಂಡಿಯೊಳಗೆ ಇಳಿದು ಎದ್ದರೆ ದೊಡ್ಡದು ಅದರ ಮೇಲೆ ದಾಟಿಕೊಂಡು ಹೋಗುತ್ತದೆ. ವೇಗಕ್ಕೂ ಅದೇ, ಕುಲುಕಾಟಕ್ಕೂ ಅದೇ. ಒಂದೇ ಗಾಲಿ ಎರಡು ಕೆಲಸ ಮಾಡುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಲಿಗೆ ಯಂತ್ರದವರ ಕೈಚಳಕ

ಇಷ್ಟು ದೊಡ್ಡ ಗಾಲಿಯನ್ನು ಮರದಲ್ಲಿ ಮಾಡಿದರೆ ಎಳೆಯಲು ಎತ್ತೇ ಬೇಕು. ಎತ್ತಿನಗಾಡಿಯ ಗಾಲಿಯಲ್ಲಿ ಭಾರ ಕೆಳಗಿನ ಕಡ್ಡಿಯ ಮೇಲೆ ಕಂಬದ ಹಾಗೆ ನಿಲ್ಲುತ್ತದೆ. ಆದ್ದರಿಂದ ಕಡ್ಡಿ ದಪ್ಪ ಇರಬೇಕು. ತಂತಿಯ ಗಾಲಿ ಬೇರೆ ತರಹ. ತಂತಿ ನೂಕುವ ಕೆಲಸಕ್ಕೆ ಬಾರದು, ಬಾಗಿಬಿಡುತ್ತದೆ. ಆದರೆ ಎಳೆದರೆ ಬಲು ಗಟ್ಟಿ. ಎಲ್ಲ ತಂತಿಗಳನ್ನೂ ನಡುವಿನ ಹಬ್ಬಿನಿಂದ ರಿಮ್ಮಿಗೆ ಬಿಗಿದು ಎಳೆದು ಕಟ್ಟಿದರೆ ಗಾಲಿ ಹಗುರವೂ ಆಗುತ್ತದೆ, ಭಾರವನ್ನೂ ಹೊರುತ್ತದೆ. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲೇ ಇಂಥ ತಂತಿ ಗಾಲಿಗೆ ಪೇಟೆಂಟ್ ತೆಗೆದುಕೊಂಡಿದ್ದ.

ಇಂಗ್ಲೆಂಡಿನಲ್ಲಿ ಈ ಕೆಲಸ ಹಿಡಿದದ್ದು ಕವೆಂಟ್ರಿ ಊರು. ಅಲ್ಲಿನ ರೇಷ್ಮೆ ರಿಬ್ಬನ್ ನೇಯ್ಗೆ 1860ರ ಹೊತ್ತಿಗೆ ಮಕಾಡೆ ಮಲಗಿತ್ತು. ಊರಲ್ಲಿ ಕೆಲಸ ಗೊತ್ತಿದ್ದ ಕೈಗಳು ಬೇಕಾದಷ್ಟಿದ್ದವು, ಕೆಲಸ ಇರಲಿಲ್ಲ. 1868ರಲ್ಲಿ ರೌಲಿ ಟರ್ನರ್ ಪ್ಯಾರಿಸ್ಸಿನಿಂದ ಒಂದು ವೆಲಾಸಿಪೀಡ್ ತಂದು ಅಲ್ಲಿನ ಹೊಲಿಗೆ ಯಂತ್ರದ ಕಂಪನಿಯ ಮುಂದೆ ನಿಲ್ಲಿಸಿದ. ಫ್ರಾನ್ಸಿಗೆ 400 ಮಾಡಿಕೊಡಿ ಅಂದ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿಕೊಂಡು ಆ ಮಾರುಕಟ್ಟೆ ಮುಚ್ಚಿತು. ಆದರೆ ಕೈಗೆ ಹೊಸ ಕೆಲಸ ಕಲಿತಾಗಿತ್ತು. ಅಲ್ಲಿದ್ದ ಜೇಮ್ಸ್ ಸ್ಟಾರ್ಲಿ, ವಿಲಿಯಂ ಹಿಲ್‌ಮನ್ ಜೊತೆ ಸೇರಿ ಅದೇ ವರ್ಷ 'ಏರಿಯಲ್' ಎಂಬ ಪೂರ್ತಿ ಲೋಹದ ಎತ್ತರದ ಸೈಕಲ್ಲಿಗೆ ಪೇಟೆಂಟ್ ಪಡೆದ.

1874ರಲ್ಲಿ ಸ್ಟಾರ್ಲಿ ಇನ್ನೊಂದು ಮಾಡಿದ. ಅದನ್ನು ನಿಮ್ಮ ಬೀದಿಯ ಸೈಕಲ್ಲಿನಲ್ಲೇ ನೋಡಬಹುದು. ಹಿಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿ. ಕಡ್ಡಿಗಳು ಸೂರ್ಯನ ಕಿರಣದ ಹಾಗೆ ನೇರ ಹೊರಡುವುದಿಲ್ಲ. ಹಬ್ಬಿನ ಅಂಚಿನಿಂದ ಓರೆಯಾಗಿ ಹೊರಟು ಒಂದನ್ನೊಂದು ದಾಟಿ ಹೋಗುತ್ತವೆ. ಪೆಡಲ್ ತುಳಿದಾಗ ಹಬ್ಬು ತಿರುಚುತ್ತದೆ. ನೇರ ಕಡ್ಡಿಗೆ ಆ ತಿರುಚು ತಡೆಯುವುದು ಕಷ್ಟ. ಓರೆ ಕಡ್ಡಿಯಾದರೆ ತಿರುಚೂ ಎಳೆತವಾಗಿಬಿಡುತ್ತದೆ. ಸೈಕಲ್ ಶಾಪಿನಲ್ಲಿ ಗಾಲಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಕಡ್ಡಿ ಬಿಗಿ ಮಾಡಿ, ಇನ್ನೊಂದು ಸಡಿಲ ಬಿಟ್ಟು ಬೆಂಡು ತೆಗೆಯುವುದನ್ನು ನಾನು ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಆ ಕಡ್ಡಿ ಜೋಡಣೆ ಸ್ಟಾರ್ಲಿಯ ಕಾಲದ್ದು ಅಂತ ಆಗ ನನಗೆ ಗೊತ್ತಿರಲಿಲ್ಲ.

ಅಮೆರಿಕದಲ್ಲೂ ಕಥೆ ಇದೇ. ಆಲ್ಬರ್ಟ್ ಪೋಪ್ 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಇಂಗ್ಲಿಷ್ ಸೈಕಲ್ ನೋಡಿದ. 1878ರಲ್ಲಿ ಹಾರ್ಟ್‌ಫರ್ಡಿನ ವೀಡ್ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಕೊಲಂಬಿಯಾ ಸೈಕಲ್ ಮಾಡಿಸಲು ಶುರು ಮಾಡಿದ. ಅಲ್ಲೂ ಹೊಲಿಗೆ ಯಂತ್ರ, ಇಲ್ಲೂ ಹೊಲಿಗೆ ಯಂತ್ರ. ಕೂದಲೆಳೆಯಷ್ಟೂ ತಪ್ಪದ ಹಾಗೆ ಸಣ್ಣ ಸಣ್ಣ ಲೋಹದ ಭಾಗ ಮಾಡುವ ಪಳಗಿದ ಕೈಗಳು ಅಲ್ಲಿ ಸಿಗುತ್ತಿದ್ದವು.

ಹತ್ತುವುದು, ಬೀಳುವುದು

ಇದನ್ನು ಹತ್ತುವುದೇ ಒಂದು ವಿದ್ಯೆ. ಹಿಂದಿನ ಪುಟ್ಟ ಗಾಲಿಯ ಮೇಲೆ, ಬಾಗಿದ ಫ್ರೇಮಿನ ಎಡಗಡೆ ಹೆಬ್ಬೆರಳು ಊರುವಷ್ಟು ಒಂದು ಮೆಟ್ಟಿಲು. ಹಿಂದೆ ನಿಂತು ಎರಡೂ ಕೈ ಚಾಚಿ ಹ್ಯಾಂಡಲ್ ಹಿಡಿಯಬೇಕು. ಎಡಗಾಲು ಮೆಟ್ಟಿಲ ಮೇಲೆ. ಬಲಗಾಲಿನಲ್ಲಿ ನೆಲ ಒದ್ದು ಒದ್ದು ಕುಂಟುತ್ತಾ ಓಡಬೇಕು. ವೇಗ ಹಿಡಿದ ಕೂಡಲೇ ಮೆಟ್ಟಿಲ ಮೇಲೆ ಎದ್ದು ನಿಂತು, ಸೀಟಿಗೆ ಜಾರಿ, ತಿರುಗುತ್ತಿರುವ ಪೆಡಲ್ಲನ್ನು ಕಾಲಿಂದ ಹುಡುಕಿ ಹಿಡಿಯಬೇಕು. ಸ್ವಲ್ಪ ನಿಧಾನಿಸಿದರೆ ಪಕ್ಕಕ್ಕೆ ಬೀಳುತ್ತೀರಿ, ಆತುರಪಟ್ಟರೆ ಮುಂದಕ್ಕೆ.

ಮುಂದಕ್ಕೆ ಬೀಳುವುದೇ ಇದರ ದೊಡ್ಡ ರೋಗ. ಕೂತವನ ಭಾರ ಹೆಚ್ಚುಕಡಿಮೆ ಮುಂದಿನ ಗಾಲಿಯ ನೆತ್ತಿಯ ಮೇಲೇ. ಗಾಲಿಗೆ ಒಂದು ಕಲ್ಲು ಅಡ್ಡ ಬಂದು ಗಕ್ಕನೆ ನಿಂತರೆ ಇಡೀ ಸೈಕಲ್ಲು ಗಾಲಿಯ ನಡುವಿನ ಸುತ್ತ ಲಾಗ ಹಾಕುತ್ತದೆ. ತೊಡೆಗಳು ಹ್ಯಾಂಡಲ್ಲಿನ ಕೆಳಗೆ ಸಿಕ್ಕಿಕೊಂಡಿರುವುದರಿಂದ ಹಾರಿಕೊಳ್ಳುವ ಹಾಗೂ ಇಲ್ಲ, ಮೊದಲು ನೆಲ ಮುಟ್ಟುವುದು ತಲೆ ಅಥವಾ ಮುಂಗೈ. ಬ್ರೇಕು ಇತ್ತು, ಮುಂದಿನ ಟೈರಿನ ಮೇಲೆ ಒತ್ತುವ ಚಮಚದಂಥ ತಗಡು. ಗಟ್ಟಿಯಾಗಿ ಒತ್ತಿದರೆ ಅದೇ ಲಾಗ. ಫ್ರೀವೀಲ್ ಇಲ್ಲ, ಇಳಿಜಾರಿನಲ್ಲಿ ಗಾಲಿ ತಿರುಗಿದಷ್ಟೂ ಪೆಡಲ್ಲೂ ತಿರುಗುತ್ತದೆ. ಹಾಗಾಗಿ ಪಳಗಿದವರು ಇಳಿಜಾರು ಬಂದರೆ ಎರಡೂ ಕಾಲನ್ನು ಹ್ಯಾಂಡಲ್ಲಿನ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ನೋಡಲು ಉಡಾಫೆ ಅನಿಸುತ್ತದೆ, ಅಸಲಿಗೆ ಅದು ಜೀವ ಉಳಿಸಿಕೊಳ್ಳುವ ಉಪಾಯ. ಬಿದ್ದರೆ ಕಾಲಿನ ಮೇಲೆ ಬೀಳಬಹುದಲ್ಲ.

ಇದನ್ನು ಓಡಿಸಿದವರು ಹೆಚ್ಚಾಗಿ ದುಡ್ಡಿದ್ದ, ಮೈಯಲ್ಲಿ ಕಸುವಿದ್ದ ಗಂಡು ಹುಡುಗರು. ಉದ್ದ ಲಂಗದ ಹೆಂಗಸರಿಗೆ, ವಯಸ್ಸಾದವರಿಗೆ ಮೂರು ಗಾಲಿಯದ್ದು. ವಿಕ್ಟೋರಿಯಾ ರಾಣಿಯೂ 1881ರಲ್ಲಿ ಸ್ಟಾರ್ಲಿಯ ಮೂರು ಗಾಲಿ ಸೈಕಲ್ ತರಿಸಿಕೊಂಡಿದ್ದಳು.

ದಾರಿಯಲ್ಲಿ

ಈಗ ಸ್ಟೀವನ್ಸ್ ಹತ್ತಿರ ಬರೋಣ. ಹೊರಟ ಕೆಲವೇ ದಿನಕ್ಕೆ ಸಿಯೆರಾ ನೆವಾಡಾ ಬೆಟ್ಟದಲ್ಲಿ ಹಿಮ ಎದುರಾಯಿತು. ರಸ್ತೆ ಹೂತುಹೋಗಿತ್ತು. ರೈಲು ಹಳಿಗೆ ಹಿಮ ಬೀಳದಂತೆ ಸುಮಾರು 40 ಮೈಲಿ ಮರದ ಮಾಡು ಕಟ್ಟಿದ್ದರು. ಅದರೊಳಗೆ ಆ ಕತ್ತಲಲ್ಲಿ ಸೈಕಲ್ಲು ತಳ್ಳಿಕೊಂಡು ನಡೆದ. ರೈಲು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುವುದು, ಹೊಗೆ ಕುಡಿಯುವುದು. ಮುಂದೆ ಒಂದು ಕಡೆ ಕಣಿವೆಯ ಸೇತುವೆ ನಡುವೆ ಇರುವಾಗ ರೈಲು ಬಂತು. ಹಿಂದೆ ಓಡಲು ಹೊತ್ತಿಲ್ಲ. ಹೊರಗೆ ಚಾಚಿದ್ದ ತೊಲೆಯ ತುದಿಗೆ ಸರಿದು, ಸೈಕಲ್ಲನ್ನು ಕಂದಕದ ಮೇಲೆ ತೂಗಾಡಿಸಿ ಹಿಡಿದುಕೊಂಡು ನಿಂತ. ಆ ಕಾಲದ ರಸ್ತೆ ಸೈಕಲ್ಲು 20 ಕಿಲೋ ಆಸುಪಾಸು ತೂಗುತ್ತಿತ್ತು, ಲೆಕ್ಕ ಹಾಕಿ.

ಆಗಸ್ಟ್ 4ರಂದು ಬಾಸ್ಟನ್ ಮುಟ್ಟಿದ. ಅವನ ಲೆಕ್ಕದಲ್ಲಿ ಪ್ರಯಾಣ ಎಂಬತ್ತಮೂರೂವರೆ ದಿನ, ಮಳೆ ಗಿಳೆ ಅಂತ ನಿಂತದ್ದು 20 ದಿನ, ದೂರ ಸುಮಾರು 3,700 ಮೈಲಿ. ಇದರಲ್ಲಿ ಮೂರನೇ ಒಂದು ಭಾಗದಷ್ಟು ನಡೆದದ್ದೇ. ಸೈಕಲ್ಲು ಸೋತಿತು ಅನ್ನಬಹುದಾ? ನನಗೆ ಹಾಗನ್ನಿಸುವುದಿಲ್ಲ. ಪಶ್ಚಿಮ ಅಮೆರಿಕದಲ್ಲಿ ರಸ್ತೆಯೇ ಇರಲಿಲ್ಲ. ಗಾಡಿ ಜಾಡು, ಹಳಿ ಪಕ್ಕದ ಜಲ್ಲಿ, ಕಾಲುವೆ ಏರಿ. ನೆವಾಡಾದ ಮರಳಿನಲ್ಲಿ ಇವತ್ತಿನ ರಸ್ತೆ ಸೈಕಲ್ಲನ್ನೂ ತಳ್ಳಲೇಬೇಕು.

ಮುಂದಿನ ವರ್ಷ, 1885ರ ಮೇ ತಿಂಗಳಲ್ಲಿ ಲಿವರ್‌ಪೂಲ್‌ನಿಂದ ಮತ್ತೆ ಹೊರಟ. ಯುರೋಪಿನ ರಸ್ತೆಗಳಲ್ಲಿ ಸೈಕಲ್ಲು ಹೂವಿನ ಹಾಗೆ ಹೋಯಿತು. ತುರ್ಕಿಯ ಹಳ್ಳಿಗಳಲ್ಲಿ ಬೇರೆ ಕಷ್ಟ. ಎಲ್ಲಿ ನಿಂತರೂ ಊರಿಗೆ ಊರೇ ಸುತ್ತುಗಟ್ಟಿ "ಬಿನ್ ಬಾಕಲಿಮ್" ಅನ್ನುತ್ತಿತ್ತು. ಹತ್ತು, ನೋಡೋಣ! ಹತ್ತಿ ತೋರಿಸಿದರೆ ಇನ್ನೊಮ್ಮೆ, ಮತ್ತೊಮ್ಮೆ. ಊಟ ಮಾಡುವಾಗಲೂ ಬಿಡುತ್ತಿರಲಿಲ್ಲ. ಹೊಸ ಬೈಕು ತಂದವನನ್ನು ನಮ್ಮ ಕಡೆ ಹುಡುಗರು 'ಒಂದು ರೌಂಡು ಹೊಡಿ' ಅಂತ ಪೀಡಿಸುವುದು ನೆನಪಾಗುತ್ತದೆ.

ಚಳಿಗಾಲ ಕಳೆಯಲು ಟೆಹರಾನಿನಲ್ಲಿ ನಿಂತ. ಅಲ್ಲಿನ ಷಾ ನಾಸಿರುದ್ದೀನನ ಮುಂದೆಯೂ ಓಡಿಸಿ ತೋರಿಸಿದ. ಸೈಬೀರಿಯಾ ದಾರಿಗೆ ರಷ್ಯಾ ಒಪ್ಪಲಿಲ್ಲ. ಅಫ್ಘಾನಿಸ್ತಾನಕ್ಕೆ ನುಗ್ಗಿದ, ಹಿಡಿದು ಗಡಿಯಾಚೆ ಬಿಟ್ಟರು. ಕೊನೆಗೆ ಕಾಸ್ಪಿಯನ್ ದಾಟಿ, ಇಸ್ತಾಂಬುಲಿಗೆ ವಾಪಸ್ ಬಂದು, ಹಡಗಿನಲ್ಲಿ ಕರಾಚಿಗೆ, ರೈಲಿನಲ್ಲಿ ಲಾಹೋರಿಗೆ. 1886ರ ಮಳೆಗಾಲದಲ್ಲಿ ಅಲ್ಲಿಂದ ಕಲ್ಕತ್ತಾದ ತನಕ ಗ್ರ್ಯಾಂಡ್ ಟ್ರಂಕ್ ರಸ್ತೆ.

ಈ ಪ್ರಕರಣದಲ್ಲಿ ನನಗೆ ಇಷ್ಟವಾದ ಭಾಗ ಇದು. ಅಮೃತಸರ, ದೆಹಲಿ, ಆಗ್ರಾ, ಕಾನ್ಪುರ, ಅಲಹಾಬಾದ್, ಕಾಶಿ. ಸಾವಿರ ಮೈಲಿಗೂ ಜಾಸ್ತಿ. ಸೆಕೆಯಲ್ಲಿ ಬೆಂದುಹೋದರೂ ರಸ್ತೆಯನ್ನು ಬಾಯ್ತುಂಬ ಹೊಗಳಿದ್ದಾನೆ. ಅದಕ್ಕೆ ಕಾರಣ ಕಂಕರ್. ಉತ್ತರದ ಬಯಲಿನ ಮಣ್ಣಿನಡಿ ಸಿಗುವ ಸುಣ್ಣದ ಗಂಟುಕಲ್ಲು ಇದು. ಅದನ್ನು ಹರಡಿ, ನೀರು ಹಾಕಿ, ದಮ್ಮಸ್ಸು ಮಾಡಿದರೆ ಒಣಗಿದ ಮೇಲೆ ಗಾರೆ ನೆಲದ ಹಾಗೆ ಗಟ್ಟಿ, ನುಣುಪು. ಮೇಲೆ ಎರಡೂ ಬದಿ ಮರದ ನೆರಳು. ಎತ್ತರದ ಗಾಲಿ ಕೇಳುವುದೇ ಇಂಥ ರಸ್ತೆಯನ್ನು. ಸಿಯೆರಾದಲ್ಲಿ ಹೊರೆಯಾಗಿದ್ದ ಅದೇ ಸೈಕಲ್ಲು ಇಲ್ಲಿ ಕುದುರೆಯಾಯಿತು.

ಚೀನಾದಲ್ಲಿ ಗದ್ದೆ ಬದುವಿನ ಕಾಲುದಾರಿ, ಮೇಲೆ ಜನರ ಸಿಟ್ಟು. ಕಲ್ಲೇಟು ತಿಂದು, ದೋಣಿ ಹತ್ತಿ ಪಾರಾದ. ಕೊನೆಗೆ ನಾಗಾಸಾಕಿಯಿಂದ ಯೊಕೊಹಾಮಾಕ್ಕೆ ಹಾಯಾಗಿ ಬಂದ.

ಅತ್ತ ಕವೆಂಟ್ರಿಯಲ್ಲಿ

ಸ್ಟೀವನ್ಸ್ ಲಿವರ್‌ಪೂಲ್ ಬಿಡುವ ಮೂರು ತಿಂಗಳ ಹಿಂದೆ ಲಂಡನ್ನಿನ ಸ್ಟ್ಯಾನ್ಲಿ ಸೈಕಲ್ ಪ್ರದರ್ಶನದಲ್ಲಿ ಒಂದು ಕುಳ್ಳ ಸೈಕಲ್ಲು ಬಂದಿತ್ತು. ಹೆಸರು ರೋವರ್. ಮಾಡಿದವನು ಜಾನ್ ಕೆಂಪ್ ಸ್ಟಾರ್ಲಿ, ಏರಿಯಲ್ ಮಾಡಿದ ಜೇಮ್ಸ್ ಸ್ಟಾರ್ಲಿಯ ಸಹೋದರನ ಮಗ. ಚಿಕ್ಕ ಗಾಲಿಗಳು, ಪೆಡಲ್ಲು ನಡುವೆ, ಹಿಂದಿನ ಗಾಲಿಗೆ ಚೈನು. ಜೇಮ್ಸ್ ಎತ್ತರಕ್ಕೇರಿಸಿದ್ದನ್ನು ಜಾನ್ ನೆಲಕ್ಕಿಳಿಸಿದ. ಇಂಥದ್ದನ್ನು 1879ರಲ್ಲೇ ಹ್ಯಾರಿ ಲಾಸನ್ ಮಾಡಿದ್ದ, ಆದರೆ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನಡುವೆ ಚೈನು ಸುಧಾರಿಸಿತ್ತು. ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ಮಾಡಿದ ರೋಲರ್ ಚೈನೇ ಇವತ್ತೂ ನಮ್ಮ ಸೈಕಲ್ಲಿನಲ್ಲಿರುವುದು.

ಎತ್ತರದ ಗಾಲಿಯವರು ನಕ್ಕರು. ಅದು ಹೇಡಿಗಳ ಸೈಕಲ್ಲು, ನೆಲ ಗುಡಿಸಿಕೊಂಡು ಹೋಗುತ್ತದೆ ಅಂದರು. 1885ರ ಸೆಪ್ಟೆಂಬರಿನಲ್ಲಿ ಜಾರ್ಜ್ ಸ್ಮಿತ್ ಅದೇ ರೋವರ್ ಮೇಲೆ 100 ಮೈಲಿಯನ್ನು 7 ಗಂಟೆ 5 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ದಾಖಲೆ ಮಾಡಿದ. ಆಗ ಸ್ಟೀವನ್ಸ್ ಪರ್ಷಿಯಾದಲ್ಲಿ ಟೆಹರಾನಿನ ಕಡೆ ಹೋಗುತ್ತಿದ್ದ.

ಆದರೂ ಎತ್ತರದ ಗಾಲಿ ತಕ್ಷಣ ಸಾಯಲಿಲ್ಲ. 'ಸೇಫ್ಟಿ' (ರೋವರ್‌ನಂಥ ಕುಳ್ಳ ಸೈಕಲ್ಲಿನ ಜಾತಿಗೆ ಇದ್ದ ಹೆಸರು) ಬಂತು, ಜನ ಜೀವಭಯದಿಂದ ಅದಕ್ಕೆ ಬದಲಾದರು ಅನ್ನುವ ಕಥೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಜೀವಭಯ ಇದ್ದವರು ಮೊದಲೂ ಹತ್ತುತ್ತಿರಲಿಲ್ಲ. ಆಗಲೇ ಹೇಳಿದೆನಲ್ಲ, ದೊಡ್ಡ ಗಾಲಿಗೆ ಎರಡು ಕೆಲಸ ಅಂತ. ವೇಗದ ಕೆಲಸವನ್ನು ಚೈನು ಕಿತ್ತುಕೊಂಡಿತು. ಕುಲುಕಾಟ ತಡೆಯುವ ಕೆಲಸ ಇನ್ನೂ ಅದರ ಕೈಯಲ್ಲೇ ಇತ್ತು. ಗಟ್ಟಿ ರಬ್ಬರಿನ ಚಿಕ್ಕ ಗಾಲಿಯ ಮೇಲೆ ಕಲ್ಲುದಾರಿಯಲ್ಲಿ ಹೋದರೆ ಹಲ್ಲು ಅಲುಗುತ್ತಿತ್ತು.

ಆ ಎರಡನೆಯದನ್ನು ಕಿತ್ತುಕೊಂಡವನು ಸೈಕಲ್ಲಿನವನಲ್ಲ, ಬೆಲ್‌ಫಾಸ್ಟಿನ ದನದ ಡಾಕ್ಟರು. ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿದ. ಮರುವರ್ಷ ಪೇಟೆಂಟ್. 1889ರ ಮೇ 18ರಂದು ಬೆಲ್‌ಫಾಸ್ಟಿನ ರೇಸಿಗೆ ವಿಲ್ಲಿ ಹ್ಯೂಮ್ ಆ ದಪ್ಪ ಟೈರಿನ ಸೇಫ್ಟಿ ತಂದು ನಿಲ್ಲಿಸಿದ. ನಾಲ್ಕು ರೇಸಿಗೆ ಇಳಿದ, ನಾಲ್ಕೂ ಗೆದ್ದ. ಅಲ್ಲಿಗೆ ದೊಡ್ಡ ಗಾಲಿಗೆ ಮಾಡಲು ಯಾವ ಕೆಲಸವೂ ಉಳಿಯಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಅಂಗಡಿಗಳಿಂದ ಮಾಯವಾಯಿತು. ರೋವರ್ ಹೆಸರು ಎಷ್ಟು ಹಬ್ಬಿತೆಂದರೆ ಪೋಲೆಂಡಿನ ಜನ ಇವತ್ತಿಗೂ ಸೈಕಲ್ಲಿಗೆ 'ರೋವೆರ್' ಅನ್ನುತ್ತಾರೆ.

ಸ್ಟೀವನ್ಸ್ ತಪ್ಪು ಸೈಕಲ್ಲು ಆರಿಸಿಕೊಂಡಿದ್ದನೇ? 1884ರಲ್ಲಿ ನಿಂತು ನೋಡಿದರೆ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ. ಚೈನಿಲ್ಲ, ತುಂಡಾಗುವುದಿಲ್ಲ. ಟ್ಯೂಬಿಲ್ಲ, ಪಂಕ್ಚರ್ ಇಲ್ಲ. ಕಡ್ಡಿ ಮುರಿದರೆ ಕಮ್ಮಾರನ ಕೈಗೆ ಕೊಡಬಹುದು. ಡನ್‌ಲಪ್ಪಿನ ಮೊದಮೊದಲ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಒಂದು ಮುಳ್ಳು ಚುಚ್ಚಿದರೆ ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಬೇಕು. ಅದನ್ನು ಹಾಕಿಕೊಂಡು ಪರ್ಷಿಯಾ ದಾಟುವುದನ್ನು ಊಹಿಸಿಕೊಳ್ಳಿ. ಆದರೆ 1890ರಲ್ಲಿ ಅಮೆರಿಕದ ಇಬ್ಬರು ಹುಡುಗರು, ಥಾಮಸ್ ಆ್ಯಲೆನ್ ಮತ್ತು ವಿಲಿಯಂ ಸಾಕ್ಟ್‌ಲೆಬೆನ್, ಕಾಲೇಜು ಮುಗಿಸಿ ಲೋಕ ಸುತ್ತಲು ಹೊರಟಾಗ ಎತ್ತರದ ಗಾಲಿಯ ಮಾತೇ ಬರಲಿಲ್ಲ. ಅವರ ಕೈಯಲ್ಲಿದ್ದದ್ದು ಸೇಫ್ಟಿ.

ಸ್ಟೀವನ್ಸ್ ತನ್ನ ಪ್ರಯಾಣವನ್ನು ಎರಡು ಸಂಪುಟದಲ್ಲಿ ಬರೆದ. ಆಮೇಲೆ ಆಫ್ರಿಕಾ ಸುತ್ತಿದ, ಲಂಡನ್ನಿನಲ್ಲಿ ನಾಟಕಶಾಲೆ ನೋಡಿಕೊಂಡ, 1935ರಲ್ಲಿ ಅಲ್ಲೇ ತೀರಿಕೊಂಡ. ಲೋಕ ಸುತ್ತಿದ ಆ ಕೊಲಂಬಿಯಾವನ್ನು ಪೋಪ್ ಕಂಪನಿ ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ಹಳೆ ಕಬ್ಬಿಣ ಒಟ್ಟುಮಾಡುವಾಗ ಅದನ್ನೂ ಗುಜರಿಗೆ ಕೊಟ್ಟುಬಿಟ್ಟರು.